ಕಾಗದ ಬಂದಿತ್ತು

ಕಿರ್ಗಿಸ್ತಾನದಲ್ಲಿ ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವ ವೃತ್ತಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಮರ ಕೆತ್ತಿದವರ, ಚರ್ಮ ಹೊಲಿದವರ, ಅಚ್ಚು ಎರೆದವರ ಹೆಸರುಗಳ ಜೊತೆಗೆ, ಉಳಿ ಸುತ್ತಿಗೆಗಳನ್ನು ಎಂದೂ ಕೈಯಲ್ಲಿ ಹಿಡಿಯದ ಒಬ್ಬರ ಹೆಸರನ್ನೂ ಅದರಲ್ಲಿ ಸೇರಿಸಬೇಕಾಗುತ್ತದೆ. ಅವರು ಶ್ರೀಮತಿ ಅನಾರ್‌ಕಾನ್ ಜೆಕ್ಷೆನೋವಾ. ಬಿಷ್ಕೆಕ್‌ನ ನಮ್ಮ ಜೋಲ್‌ಬುಲಾಕ್ ಕೃತಕ ಅಂಗಗಳ ಕಾರ್ಖಾನೆಯ ಪತ್ರ ವಿಭಾಗಕ್ಕೆ ೧೯೯೩ರಲ್ಲಿ ಬೆರಳಚ್ಚುಗಾರ್ತಿಯಾಗಿ ಬಂದು, ಮುಂದೆ ಅದರ ಮುಖ್ಯಸ್ಥೆಯಾಗಿ, ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಅವರನ್ನು ನಿರ್ದೇಶಕರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಕರೆಯುವುದು ಅನಾರ್‌ಕಾನ್ ಎಜೆ ಎಂದೇ. ಎಜೆ ಎಂದರೆ ಅಕ್ಕ, ಅವರು ನಮಗೆಲ್ಲ ಅಕ್ಕ.

ಸನ್ಮಾನ ಸಮಿತಿಯವರು ಅಭಿನಂದನಾ ಸಂಪುಟಕ್ಕಾಗಿ ನನಗೆ ಒಪ್ಪಿಸಿದ ವಿಷಯ ‘ಅನಾರ್‌ಕಾನ್ ಎಜೆ ಮತ್ತು ಕಂಪ್ಯೂಟರ್ ಯುಗ’. ಕಾರ್ಖಾನೆಯ ಮಾಹಿತಿ ವಿಭಾಗದ ಮುಖ್ಯಸ್ಥನಾದ ನನಗೆ ಅದು ಒಪ್ಪುವ ವಿಷಯವೇ. ಆರು ಪುಟ ಬರೆದೂ ಇದ್ದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೆ ಹೇಳಲೇಬೇಕಾದದ್ದೂ ಇರಲಿಲ್ಲ. ಅದನ್ನು ಹರಿದು ಇದನ್ನು ಬರೆದಿದ್ದೇನೆ. ಸಂಭ್ರಮದ ಸಂಪುಟದಲ್ಲಿ ಇಂಥದ್ದನ್ನು ತಂದಿಟ್ಟದ್ದಕ್ಕೆ ಸಂಪಾದಕರು ಕ್ಷಮಿಸಬೇಕು.

ಎಜೆಯವರು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ದೇಶವೇ ಹೊಸದು, ಸಂಬಳ ಬಂದರೆ ಬಂತು ಎನ್ನುವ ದಿನಗಳು. ಆಗಲೂ ದಿನಕ್ಕೆ ಹತ್ತಿಪ್ಪತ್ತು ಪತ್ರಗಳು ಬರುತ್ತಿದ್ದವಂತೆ. ‘ಕಾಲು ಕಚ್ಚುತ್ತದೆ’, ‘ಕಾಲು ಕೀಚುಗುಟ್ಟುತ್ತದೆ, ಕುರಿಗಳು ಬೆದರುತ್ತವೆ’, ‘ಮಗ ಬೆಳೆದ, ಕಾಲು ಬೆಳೆಯಲಿಲ್ಲ’ ಎಂದು ಬೆಟ್ಟದಾಚೆಯವರು ಬರೆದ ಒಂದೊಂದು ಸಾಲನ್ನೂ ಅವರು ಕಡತಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಪತ್ರವನ್ನು ಹಿಡಿದುಕೊಂಡು ನೇರವಾಗಿ ಕೆಲಸದ ಅಂಗಳಕ್ಕೆ ಇಳಿದು, ಆ ಕಾಲನ್ನು ಮಾಡಿದ ಕುಶಲಕರ್ಮಿ ಯಾರೆಂದು ಹುಡುಕಿ, ಅವನೆದುರು ನಿಂತು ಗಟ್ಟಿಯಾಗಿ ಓದುತ್ತಿದ್ದರು. ಅವರು ಮೆಟ್ಟಿಲಿಳಿಯುವುದು ಕಂಡೊಡನೆ ಚರ್ಮ ಹೊಲಿಯುವವರು ತಮ್ಮತಮ್ಮಲ್ಲೇ ಹಾಸ್ಯ ಮಾಡುತ್ತಿದ್ದರು:

“ಎಜೆ ಬಂದ್ರು ನೋಡ್ರಪ್ಪಾ. ಇವತ್ತು ಯಾರ ಕಾಲು ಅಳ್ತಾ ಇದ್ಯೋ.”

“ನಿನ್ನದೇ ಕಣೋ,” ಎನ್ನುತ್ತಿದ್ದರು ಎಜೆ. “ನೀನು ಮಾಡಿದ್ದು ಒಂದಾದ್ರೂ ನಗ್ತಾ ಇರೋದನ್ನ ನಾನು ಕಂಡಿಲ್ಲ.”

ಉತ್ತರ ಹೋಗದ ಪತ್ರ ಅವರ ಮೇಜಿನ ಮೇಲೆ ಎಂಟು ದಿನ ಉಳಿದದ್ದಿಲ್ಲ. ಉತ್ತರವೂ ಪತ್ರ ಬಂದ ಭಾಷೆಯಲ್ಲೇ ಹೋಗುತ್ತಿತ್ತು. ರಷ್ಯನ್‌ನಲ್ಲಿ ಬರೆದವರಿಗೆ ರಷ್ಯನ್, ಕಿರ್ಗಿಜ್‌ನಲ್ಲಿ ಬರೆದವರಿಗೆ ಕಿರ್ಗಿಜ್.

ನಾನು ತೊಕ್ಮಾಕ್‌ನಿಂದ ಬಂದು ಇಲ್ಲಿ ಸೇರಿದ್ದು ೨೦೦೯ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ. ಸೇರಿದ ತಿಂಗಳಲ್ಲೇ, ಎಜೆಯವರು ಮೂರು ವಾರ ಕೂತು ಕಂಪ್ಯೂಟರಿಗೆ ಏರಿಸಿದ್ದ ಗಿರಾಕಿಗಳ ವಿಳಾಸಪಟ್ಟಿಯನ್ನು ನನ್ನ ಅವಸರದಲ್ಲಿ ಅಳಿಸಿಬಿಟ್ಟೆ. ಬೆವರುತ್ತಾ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಬಂದು ಹೇಳಿದ್ಯಲ್ಲ, ಸಾಕು ಬಿಡು ಮೆದೆರ್,” ಎಂದು ಮತ್ತೆ ಮೊದಲ ಹೆಸರಿನಿಂದ ಬೆರಳಚ್ಚು ಮಾಡತೊಡಗಿದರು. ಯಾರ ಬಳಿಯೂ ದೂರಲಿಲ್ಲ. ತಪ್ಪನ್ನು ಒಪ್ಪಿಕೊಂಡವನಿಗೆ ಅವರಲ್ಲಿ ಎಂಥ ಜಾಗವಿತ್ತೆಂಬುದು ನನಗೆ ಅಂದೇ ತಿಳಿದಿತ್ತು. ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದೆಂದು ಯಾರೂ ಹೇಳಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

೨೦೧೩ರ ಹೊತ್ತಿಗೆ ಪತ್ರಗಳೆಲ್ಲ ಇ-ಮೇಲ್‌ಗೆ ಬದಲಾಗಬೇಕೆಂಬ ಸಲಹೆಯನ್ನು ನಿರ್ದೇಶಕ ತುರ್ಗುನ್‌ಬೆಕ್ ಅವರ ಮುಂದಿಟ್ಟವನು ನಾನೇ. ಕಾರ್ಖಾನೆಯ ದೂರವಾಣಿಗೆ ಕರೆ ಮಾಡಿದವರಿಗೆ ‘ದಯವಿಟ್ಟು ಇ-ಮೇಲ್ ಬರೆಯಿರಿ’ ಎಂದು ಹೇಳುವ ಯಂತ್ರದ ದನಿಯನ್ನು ಕೂರಿಸಿದವನೂ ನಾನೇ. ವಿಳಾಸ ಬಹಿರಂಗವಾದ ಮೇಲೆ ಕಸವೂ ಬರತೊಡಗಿತು: ಲಾಟರಿ ಬಂದಿದೆ, ತೂಕ ಇಳಿಸಿಕೊಳ್ಳಿ, ವಿಧವೆಯೊಬ್ಬಳ ಆಸ್ತಿ ನಿಮಗೆ ಕಾದಿದೆ. ಅಕ್ಟೋಬರ್‌ನಲ್ಲಿ ನಾನು ಒಂದು ಸ್ಪ್ಯಾಮ್ ಫಿಲ್ಟರ್ ತಂದು ಹಾಕಿದೆ. ಅದು ಬಂದ ಪ್ರತಿಯೊಂದು ಇ-ಮೇಲನ್ನೂ ಪರೀಕ್ಷಿಸಿ, ಅನುಮಾನ ಬಂದದ್ದನ್ನು ಬೇರೊಂದು ಪೆಟ್ಟಿಗೆಗೆ ತಳ್ಳುತ್ತಿತ್ತು. ಮೂವತ್ತು ದಿನ ಅಲ್ಲಿಟ್ಟು, ಆಮೇಲೆ ಅಳಿಸುತ್ತಿತ್ತು. ಬರೆದವರಿಗೆ ಈ ಸುದ್ದಿ ಹೋಗುತ್ತಿರಲಿಲ್ಲ. ವಾರಕ್ಕೊಮ್ಮೆ ಆ ಪೆಟ್ಟಿಗೆಯನ್ನು ತೆರೆದು, ಒಳ್ಳೆಯದೇನಾದರೂ ತಪ್ಪಿ ಬಿದ್ದಿದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಎರಡು ವಾರ ನೋಡಿದೆ. ಲಾಟರಿ, ತೂಕ, ವಿಧವೆ. ಆಮೇಲೆ ನೋಡುವುದನ್ನು ಬಿಟ್ಟೆ.

ನಮ್ಮ ಕಿರ್ಗಿಜ್ ಬರವಣಿಗೆಯಲ್ಲಿ ರಷ್ಯನ್‌ನಲ್ಲಿಲ್ಲದ ಮೂರು ಅಕ್ಷರಗಳಿವೆ. ಫಿಲ್ಟರಿನ ಕಣ್ಣು ತಪ್ಪಿಸಲು ವಂಚಕರು ಪದಗಳ ನಡುವೆ ವಿಚಿತ್ರ ಅಕ್ಷರಗಳನ್ನು ತುರುಕುವುದುಂಟು. ಈ ಫಿಲ್ಟರಿಗೆ ರಷ್ಯನ್ ಗೊತ್ತಿತ್ತು, ಇಂಗ್ಲಿಷ್ ಗೊತ್ತಿತ್ತು. ನಮ್ಮ ಮೂರು ಅಕ್ಷರಗಳು ಅದರ ಕಣ್ಣಿಗೆ ವಂಚಕರ ಕೈಚಳಕವಾಗಿ ಕಂಡವು. ಚಿಕ್ಕ ಪತ್ರಗಳು ಹೇಗೋ ನುಸುಳುತ್ತಿದ್ದವು. ಕಷ್ಟವನ್ನು ವಿವರವಾಗಿ ತೋಡಿಕೊಂಡ ಉದ್ದನೆಯ ಕಿರ್ಗಿಜ್ ಪತ್ರಗಳೆಲ್ಲ ಪೆಟ್ಟಿಗೆಗೆ ಬಿದ್ದವು. ಆ ಚಳಿಗಾಲ ಪೂರ್ತಿ ನಾನು ಪ್ರತಿ ಸಂಜೆ ಅದೇ ಮೂರು ಅಕ್ಷರಗಳಲ್ಲಿ ನನ್ನ ತಾಯಿಗೆ ಸಂದೇಶ ಬರೆಯುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಎಜೆಯವರು ನನ್ನ ಕೋಣೆಗೆ ಬಂದರು.

“ಮೆದೆರ್, ಬೆಟ್ಟದಾಚೆ ನಾರಿನ್ ಕಡೆಯಿಂದ ಕಾಗದಾನೇ ಇಲ್ವಲ್ಲ. ಎಲ್ಲ ಪೇಟೆಯವರದ್ದೇ ಬರ್ತಿದೆ.”

“ಹಳ್ಳಿಯವರು ಈ ಚಳೀಲಿ ಎಲ್ಲಿ ಬರೀತಾರೆ ಎಜೆ.”

“ಚಳೀಲೇ ಅವರು ಜಾಸ್ತಿ ಬರೆಯೋದು. ಕತ್ತರಿಸಿ ಉಳಿದ ಕಾಲಿನ ಮೋಟು ಮರಗಟ್ಟುತ್ತೆ, ಬಿರುಕು ಬಿಡುತ್ತೆ. ನಿನ್ನ ಆ ಪೆಟ್ಟಿಗೇಲಿ ಏನಾದ್ರೂ ಸಿಕ್ಕಿಹಾಕಿಕೊಂಡಿದ್ಯಾ, ನೋಡಿದ್ಯಾ?”

“ನೋಡಿದೀನಿ ಎಜೆ. ಬರೀ ಕಸ.”

ಇಷ್ಟು ಹೇಳುವಾಗ ನಾನು ಪರದೆಯಿಂದ ಮುಖ ತಿರುಗಿಸಿರಲಿಲ್ಲ. ಜನವರಿಯಲ್ಲಿ ಅವರು ಮತ್ತೊಮ್ಮೆ ಕೇಳಿದರು, ನಾನು ಮತ್ತೊಮ್ಮೆ ಅದನ್ನೇ ಹೇಳಿದೆ. ಪೆಟ್ಟಿಗೆಯನ್ನು ತೆರೆಯಲು ಬೇಕಾಗಿದ್ದದ್ದು ಎರಡು ನಿಮಿಷ. ಹೇಳಿದ ಸುಳ್ಳು ನಿಜವಾಗಿಯೇ ಇರಲಿ ಎಂದು ಆಶಿಸುತ್ತಾ ಅದನ್ನು ತೆರೆಯದೆ ಕೂತೆ. ಸೋಮಾರಿತನಕ್ಕೆ ಹೆದರಿಕೆಯೂ ಸೇರಿಕೊಂಡಿತ್ತು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ, ನಾರಿನ್ ಸೀಮೆಯ ಆತ್‌ಬಾಷಿಯ ಕುದುರೆ ಸಾಕುವ ಸಪಾರ್ ಎಂಬವರು ಒಂಬತ್ತು ವರ್ಷದ ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಪತ್ರ ವಿಭಾಗದ ಬಾಗಿಲಲ್ಲಿ ನಿಂತರು. ಮಗಳು ಬೆಗಿಮಾಯ್. ಆರು ವರ್ಷದವಳಿದ್ದಾಗ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಮೊಣಕಾಲಿನ ಕೆಳಗೆ ಬಲಗಾಲು ಹೋಗಿತ್ತು. ನಮ್ಮಲ್ಲೇ ಮಾಡಿದ ಕಾಲಿನಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದಳು. ಆ ವರ್ಷ ಅವಳು ಬೆಳೆದಳು, ಕಾಲು ಬಿಗಿಯಾಯಿತು. ಬೆಳೆಯುವ ಮಕ್ಕಳ ಕಾಲನ್ನು ಸಕಾಲಕ್ಕೆ ಬದಲಿಸದಿದ್ದರೆ ಏನಾಗುತ್ತದೆಂಬುದು ನಮ್ಮ ಕಾರ್ಖಾನೆಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ಯಂತ್ರದ ದನಿ ಹೇಳಿದಂತೆ ತಂದೆ ಶಾಲೆಯ ಗುರುಗಳ ಕಂಪ್ಯೂಟರಿನಿಂದ ನಾಲ್ಕು ಸಲ ಇ-ಮೇಲ್ ಬರೆದಿದ್ದರು. ‘ದಿನ ಗೊತ್ತುಮಾಡಿ ತಿಳಿಸಿ, ಬರುತ್ತೇವೆ’ ಎಂದು ನಾಲ್ಕರಲ್ಲೂ ಕೇಳಿದ್ದರು. ನಾಲ್ಕನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ಕೂಗಾಡಲಿಲ್ಲ.

“ಉತ್ತರ ಬರುತ್ತೆ, ಬರುತ್ತೆ ಅಂತ ಕಾದ್ವಿ ಎಜೆ. ನೀವು ಉತ್ತರ ಬರೀದೇ ಇರೋರಲ್ಲ ಅಂತ ಊರವರೂ ಹೇಳಿದ್ರು,” ಎಂದರು ಅಷ್ಟೆ.

ಹಳೆಯ ಕಾಲಿನಲ್ಲೇ ನಡೆದ ಹುಡುಗಿಯ ಮೋಟು ಹುಣ್ಣಾಗಿ, ಹುಣ್ಣು ಮೂಳೆಗಿಳಿದಿತ್ತು. ಅದೇ ವಾರ ನಗರದ ಆಸ್ಪತ್ರೆಯಲ್ಲಿ ವೈದ್ಯರು ಮೊಣಕಾಲಿನ ಮೇಲೆ ಕತ್ತರಿಸಿದರು. ಮೊಣಕಾಲು ಉಳಿದವರಿಗೂ ಉಳಿಯದವರಿಗೂ ನಡಿಗೆಯಲ್ಲಿ, ಮೆಟ್ಟಿಲಿನಲ್ಲಿ, ಕುದುರೆಯ ಮೇಲೆ ಎಷ್ಟು ಅಂತರವೆಂದು ನಾನು ಬಲ್ಲೆ. ಆ ಅಂತರವನ್ನು ನಾನೇ ತಂದಿಟ್ಟೆ.

ಸಪಾರ್ ಹೋದ ಮೇಲೆ ಎಜೆಯವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. “ಪೆಟ್ಟಿಗೆ ತೆಗಿ” ಎಂದರು. ತೆಗೆದೆ. ಕಸದ ನಡುವೆ, ಆ ಒಂದು ತಿಂಗಳಿನಲ್ಲಿ ಬಿದ್ದ ನಲವತ್ತೊಂದು ಪತ್ರಗಳಿದ್ದವು. ಅದಕ್ಕೂ ಹಿಂದಿನವು ಅಳಿಸಿಹೋಗಿದ್ದವು. ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡು ಅವರು ನಲವತ್ತೊಂದನ್ನೂ ಓದಿದರು. ನಾನು ನಿಂತೇ ಇದ್ದೆ. ಒಂದು ಗಂಟೆಗೂ ಮಿಕ್ಕಿ ಹಿಡಿಯಿತು.

“ಇದು ಯಾವ ಭಾಷೆ ಅಂತ ಅದಕ್ಕೆ ಗೊತ್ತಾಗ್ಲಿಲ್ವಾ?” ಎಂದು ಕೊನೆಗೆ ಕೇಳಿದರು.

“ಗೊತ್ತಾಗ್ಲಿಲ್ಲ ಎಜೆ.”

“ನಿನಗೆ ಗೊತ್ತಾಗ್ತಿತ್ತಲ್ಲ.”

ಹದಿನೈದು ವರ್ಷದ ಒಡನಾಟದಲ್ಲಿ ಅವರು ನನ್ನನ್ನು ಇದಕ್ಕಿಂತ ಹೆಚ್ಚು ಬೈದದ್ದಿಲ್ಲ. ಇದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಸಭೆ. ಸಪಾರ್ ಅವರ ನಾಲ್ಕು ಹಾಳೆಗಳು ಮೇಜಿನ ಮೇಲಿದ್ದವು. ಯಾರ ಹೊಣೆ ಎಂದು ತುರ್ಗುನ್‌ಬೆಕ್ ಅವರು ಕೇಳಿದಾಗ ನಾನು ಆ ಹಾಳೆಗಳನ್ನೇ ನೋಡುತ್ತಾ ಕೂತೆ. ನಾನು ಹೇಳುತ್ತಿದ್ದೆನೋ ಏನೋ; ಹತ್ತು ವರ್ಷಗಳಿಂದ ನನಗೆ ನಾನೇ ಹಾಗೆ ಹೇಳಿಕೊಂಡು ಬಂದಿದ್ದೇನೆ. ಆದರೆ ಎದುರು ಕೂತವರಿಗೆ ಕಂಡದ್ದು ಸುಮ್ಮನೆ ಕೂತ ಒಬ್ಬ ಗಂಡಸು. ಎಜೆಯವರು ಹೇಳಿದರು: “ಕಾಗದದ ಮೇಜು ನನ್ನದು. ಕಾಗದ ಬಂದಿತ್ತು, ನಾವು ತೆಗೆದು ನೋಡ್ಲಿಲ್ಲ. ಬರ್ಕೊಳ್ಳಿ.” ಬರೆದುಕೊಂಡರು. ‘ಪತ್ರ ವಿಭಾಗದ ನಿರ್ಲಕ್ಷ್ಯ’ ಎಂದು ಆದೇಶ ಹೊರಟಿತು. ಇಪ್ಪತ್ತೊಂದು ವರ್ಷದ ಸೇವೆಯ ಬಳಿಕ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ, ಪ್ಲಾಸ್ಟರ್ ಪುಡಿ ಮತ್ತು ಬ್ಯಾಂಡೇಜು ಹಂಚುವ ಉಗ್ರಾಣಕ್ಕೆ ಹಾಕಿದರು. ಮರುವಾರವೇ, ಏಪ್ರಿಲ್‌ನಲ್ಲಿ, ದೋಷವನ್ನು ‘ಪತ್ತೆಹಚ್ಚಿ ಸರಿಪಡಿಸಿದ’ ಕಾರಣಕ್ಕೆ ನನ್ನನ್ನು ಮಾಹಿತಿ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ನಾನು ಒಪ್ಪಿಕೊಂಡೆ.

ಏಕೆ ಹಾಗೆ ಮಾಡಿದಿರೆಂದು ಉಗ್ರಾಣದ ಕಿಟಕಿಯ ಬಳಿ ನಿಂತು ಒಮ್ಮೆ ಕೇಳಿದೆ. ಕರುಣೆಯ ಮಾತೇನಾದರೂ ಬರಬಹುದೆಂದುಕೊಂಡಿದ್ದೆ.

“ನಿನ್ನ ತೆಗೆದುಹಾಕಿದ್ರೆ ಆ ಯಂತ್ರ ಬಿಚ್ಚೋಕೆ ಬರೋರು ಇಲ್ಲಿ ಇನ್ಯಾರಿದ್ರು? ನಲವತ್ತೊಂದು ಮನೆಯವರು ಕಾಯ್ತಾ ಕೂತಿದ್ರು,” ಎಂದರು. “ನಿನಗೋಸ್ಕರ ಮಾಡ್ದೆ ಅಂದ್ಕೊಂಡ್ಯಾ?”

ಆ ನಲವತ್ತೊಂದು ಮನೆಗಳಿಗೆ ಎರಡೇ ದಿನದಲ್ಲಿ ಕರೆ ಹೋಯಿತು. ಅಳಿಸಿಹೋದ ಪತ್ರಗಳನ್ನು ಬರೆದವರು ಯಾರೆಂದು ಮಾತ್ರ ಯಾವ ಯಂತ್ರವೂ ಹೇಳುವಂತಿರಲಿಲ್ಲ. ಎಜೆಯವರು ಹಳೆಯ ವಿಳಾಸಪಟ್ಟಿಯನ್ನು ಉಗ್ರಾಣಕ್ಕೆ ತರಿಸಿಕೊಂಡು, ಬೆಳೆಯುವ ಮಕ್ಕಳಿರುವ ಮನೆಗಳನ್ನು ಮೊದಲು ಗುರುತು ಹಾಕಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನಿಂದ ಒಬ್ಬೊಬ್ಬರಿಗೂ ಕರೆ ಮಾಡಿಸಿದರು. “ಚಳಿಗಾಲದಲ್ಲಿ ನಮಗೇನಾದ್ರೂ ಬರೆದಿದ್ರಾ?” ಎಂಬ ಪ್ರಶ್ನೆಯನ್ನು ನಾನು ಮುನ್ನೂರಕ್ಕೂ ಹೆಚ್ಚು ಮನೆಯವರಿಗೆ ಕೇಳಿದೆ. ತಾಲಾಸ್‌ನ ಒಬ್ಬ ಅಜ್ಜಿ, “ಬರೆದಿದ್ದೆ ಮಗಾ. ಸತ್ತಿರಬೇಕು ಅನಾರ್‌ಕಾನ್ ಅಂದ್ಕೊಂಡು ಅವಳಿಗೊಂದು ಪ್ರಾರ್ಥನೇನೂ ಮಾಡಿಸ್ದೆ,” ಎಂದರು. ಪಕ್ಕದಲ್ಲಿದ್ದ ಎಜೆ ಫೋನು ಕಿತ್ತುಕೊಂಡು, “ವೇಸ್ಟ್ ಆಗಲ್ಲ ಬಿಡಿ ಅಜ್ಜೀ, ಮುಂದೆ ಬೇಕಾಗುತ್ತೆ,” ಎಂದು ನಗಿಸಿದರು. ಹೀಗೆ ಹನ್ನೊಂದು ಮಕ್ಕಳು ಸಮಯ ಮೀರುವ ಮುನ್ನ ಕಾರ್ಖಾನೆಗೆ ಬಂದರು. ಹನ್ನೆರಡನೆಯವಳು ಬೆಗಿಮಾಯ್ ಆಗಬಹುದಿತ್ತು.

ಜೂನ್‌ನಲ್ಲಿ ಎಜೆಯವರು ನನ್ನನ್ನು ಕರೆದುಕೊಂಡು ಆತ್‌ಬಾಷಿಗೆ ಹೊರಟರು. ತಪ್ಪನ್ನು ಮನೆಯ ಹಿರಿಯರ ಮುಂದೆ, ಅವರ ಮನೆಯಲ್ಲೇ ಹೇಳಬೇಕೆಂಬುದು ಅವರ ಹಠ. ದಾರಿಯುದ್ದಕ್ಕೂ, ಇವತ್ತು ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಸಾಲುಗಳನ್ನು ಜೋಡಿಸುತ್ತಿದ್ದೆ. ಮನೆಯಲ್ಲಿ ಸಪಾರ್ ಅವರ ತಾಯಿ, ಅಣ್ಣಂದಿರು, ನೆರೆಯವರು ಎಲ್ಲ ಸೇರಿದ್ದರು. ಎಜೆಯವರು ಎದ್ದು ನಿಂತು, “ನಿಮ್ಮ ಕಾಗದ ನಮ್ಮ ಮನೆ ಬಾಗಿಲಿಗೆ ಬಂದಿತ್ತು. ನಾವು ಬಾಗಿಲು ತೆಗೀಲಿಲ್ಲ. ಮಗೂ ಮೊಣಕಾಲು ಹೋಗಿದ್ದು ನಮ್ಮಿಂದ,” ಎಂದರು. ಮಗುವಿನ ಅಜ್ಜಿ ನನ್ನ ಕಡೆ ನೋಡಿ, “ಈ ಹುಡುಗ ಯಾರು?” ಎಂದು ಕೇಳಿದರು.

ಎಜೆಯವರು ನನ್ನತ್ತ ತಿರುಗಿ ಕಾದರು. ಹೌದು, ಕಾದರು. ಒಂದು ಬಟ್ಟಲು ಚಹಾ ಸುರಿಯುವಷ್ಟು ಹೊತ್ತು ಕಾದರು. ನಾನು ನನ್ನ ಚಹಾ ಬಟ್ಟಲನ್ನು ತುಟಿಗಿಟ್ಟುಕೊಂಡೆ.

“ಇವನು ಮೆದೆರ್,” ಎಂದರು ಆಮೇಲೆ. “ನಿಮ್ಮ ಕಾಗದ ಇದ್ದ ಪೆಟ್ಟಿಗೆ ತೆಗೆದವನು.”

ಅದು ಸುಳ್ಳಲ್ಲ. ಸಪಾರ್ ಅವರು ಅದನ್ನು ಹೊಗಳಿಕೆಯೆಂದು ತಿಳಿದರು. ಅತಿಥಿಗಳಲ್ಲಿ ಗೌರವಸ್ಥನಿಗೆ ಸಲ್ಲುವ ಮಾಂಸದ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿ, “ನೀನಿಲ್ದಿದ್ರೆ ನಾನು ಬರೆದೇ ಇಲ್ಲ ಅಂತಿದ್ರು ಪೇಟೆಯವರು. ತಿನ್ನಪ್ಪಾ,” ಎಂದರು. ಊರುಗೋಲಿನ ಮೇಲೆ ನಿಂತಿದ್ದ ಬೆಗಿಮಾಯ್ ನನಗೆ ಕೈತೊಳೆಯಲು ನೀರು ಹಾಕಿದಳು. ನಾನು ತಿಂದೆ. ಮನೆಗೆ ಮರಳುವ ದಾರಿಯಲ್ಲಿ ಕೊಚ್ಕೋರ್‌ನಲ್ಲಿ ಬಸ್ಸು ನಿಂತಾಗ ಎಜೆಯವರು, ಚಳಿ ಇದೆ, ಶಾಲು ಹೊದ್ದುಕೋ ಎಂದರು.

ಎರಡು ವರ್ಷದ ಬಳಿಕ ಅವರನ್ನು ಪತ್ರ ವಿಭಾಗಕ್ಕೆ ಮರಳಿ ಕರೆಯಲಾಯಿತು. ಅನುಮಾನದ ಪೆಟ್ಟಿಗೆಯನ್ನು ದಿನವೂ ಬೆಳಿಗ್ಗೆ ಮನುಷ್ಯರ ಕಣ್ಣಿನಿಂದಲೇ ಓದಬೇಕೆಂಬ ನಿಯಮವನ್ನು ಅವರು ತಂದರು. ದೂರವಾಣಿಯ ಯಂತ್ರದ ದನಿಯನ್ನು ತೆಗೆಸಿ ತಾವೇ ಕರೆ ಎತ್ತಿಕೊಂಡರು. ಬಂದ ಪ್ರತಿ ಪತ್ರಕ್ಕೂ ‘ತಲುಪಿದೆ, ಓದಿದ್ದೇವೆ’ ಎಂಬ ಒಂದು ಸಾಲು ಅದೇ ದಿನ ಹೋಗುವಂತೆ ಮಾಡಿದರು. ಇಂದು ನಮ್ಮ ಕಾರ್ಖಾನೆಯ ಹೆಸರನ್ನು ದೇಶದ ಮೂಲೆಮೂಲೆಯಲ್ಲಿ ಜನ ನಂಬುವುದು ಆ ಒಂದು ಸಾಲಿನಿಂದ. ಆದರೆ ಹತ್ತು ವರ್ಷಗಳ ಹಿಂದಿನ ಆದೇಶ ಅವರ ಸೇವಾ ಕಡತದಲ್ಲಿ ಹಾಗೆಯೇ ಉಳಿಯಿತು. ಆ ಕಡತವನ್ನು ಕಂಪ್ಯೂಟರಿಗೆ ಏರಿಸಿದ್ದು ನನ್ನ ವಿಭಾಗ.

ಈ ಸಂಪುಟಕ್ಕೆ ನಿಜವನ್ನೇ ಬರೆಯಲು ಅಪ್ಪಣೆ ಕೇಳಿದಾಗ ಎಜೆಯವರು ತಲೆಯೆತ್ತದೆ, “ನನ್ನ ಯಾಕೆ ಕೇಳ್ತೀಯ? ನನಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ದೋರನ್ನ ಹೋಗಿ ಕೇಳು,” ಎಂದರು. ಹೋದ ತಿಂಗಳು ಒಬ್ಬನೇ ಆತ್‌ಬಾಷಿಗೆ ಹೋದೆ. ಅಜ್ಜಿ ತೀರಿಕೊಂಡಿದ್ದಾರೆ. ಸಪಾರ್ ಅವರ ಕೂದಲು ಬೆಳ್ಳಗಾಗಿದೆ. ನಾರಿನ್‌ನಲ್ಲಿ ಪಶುವೈದ್ಯಕೀಯ ಓದುತ್ತಿರುವ ಬೆಗಿಮಾಯ್ ರಜೆಗೆ ಬಂದಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಪೆಟ್ಟಿಗೆ, ಎರಡು ಸಲ ಹೇಳಿದ ಸುಳ್ಳು, ಸಭೆಯಲ್ಲಿ ಸುಮ್ಮನೆ ಕೂತದ್ದು.

“ಇಷ್ಟು ವರ್ಷ ನಿನಗೆ ನಿದ್ದೆ ಬರ್ತಿತ್ತಾ?” ಎಂದು ಸಪಾರ್ ಕೇಳಿದರು.

ಬರುತ್ತಿರಲಿಲ್ಲ ಎನ್ನಬಹುದಿತ್ತು. “ಬರ್ತಿತ್ತು,” ಎಂದೆ.

ಅವರು ಎದ್ದು ಕುದುರೆಗಳ ಕಡೆಗೆ ಹೊರಟುಹೋದರು. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ. ಬೆಗಿಮಾಯ್ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಳು. ಅವಳ ನಡಿಗೆಗೆ ನನ್ನ ಹೆಜ್ಜೆ ಹೊಂದಿಸಿಕೊಂಡು ನಡೆದೆ.

“ಬರೀರಿ. ‘ಒಬ್ಬ ಹುಡುಗಿ’ ಅಂತ ಬರೀಬೇಡಿ, ನನ್ನ ಹೆಸರೇ ಹಾಕಿ,” ಎಂದಳು. “ಆದ್ರೆ ಅದು ಎಜೆ ಪುಸ್ತಕ ಅಲ್ವಾ? ನಿಮ್ಮ ವಿಷಯ ಕಡಿಮೆ ಮಾಡಿ, ಅವರ ವಿಷಯ ಬರೀರಿ. ಆಸ್ಪತ್ರೇದು ಬರೀತೀರ ತಾನೆ?”

“ಆಸ್ಪತ್ರೇದು ಯಾವುದು?”

ಅವಳು ನಿಂತುಬಿಟ್ಟಳು. “ನಿಮಗೆ ಗೊತ್ತೇ ಇಲ್ವಾ?”

ಗೊತ್ತಿರಲಿಲ್ಲ. ಮೊಣಕಾಲು ಕತ್ತರಿಸಿದ ಮೇಲೆ ಹತ್ತೊಂಬತ್ತು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಮರಿ ಹಾಕುವ ಕಾಲವಾದ್ದರಿಂದ ತಂದೆ ಕುದುರೆಗಳನ್ನು ಬಿಟ್ಟು ಉಳಿಯುವಂತಿರಲಿಲ್ಲ. ಹತ್ತೊಂಬತ್ತು ದಿನವೂ ಎಜೆಯವರು ಉಗ್ರಾಣದ ಕೆಲಸ ಮುಗಿಸಿ, ಕೈಗೆ ಮೆತ್ತಿದ ಪ್ಲಾಸ್ಟರ್ ಪುಡಿಯೊಂದಿಗೇ ಬಂದು, ಮಗುವಿನ ಜಡೆ ಹೆಣೆದು, ಸಾರು ಕುಡಿಸಿ, ಅವಳು ಹೇಳಿದ್ದನ್ನು ಬರೆದುಕೊಂಡು ತಾಯಿಗೆ ಪತ್ರ ಹಾಕುತ್ತಿದ್ದರು. ಇಲ್ಲದ ಕಾಲು ತುರಿಸುತ್ತದೆಂದು ಮಗು ಅತ್ತಾಗ, “ಎಲ್ಲಿ ತುರಿಸ್ತಿದೆ ತೋರ್ಸು,” ಎಂದು ಹಾಸಿಗೆಯ ಆ ಬರಿದಾದ ಜಾಗವನ್ನೇ ಬೆರಳಿನಿಂದ ಕೆರೆಯುತ್ತಿದ್ದರಂತೆ. ಇಂದಿಗೂ ಪ್ರತಿ ಸೆಪ್ಟೆಂಬರ್‌ನಲ್ಲಿ ಫೋನು ಮಾಡಿ, ಈ ವರ್ಷ ಎಷ್ಟು ಬೆಳೆದೆ ಎಂದು ಕೇಳುತ್ತಾರಂತೆ. ಆ ಆಸ್ಪತ್ರೆ ನನ್ನ ಮನೆಯಿಂದ ಕಾಲು ಗಂಟೆಯ ನಡಿಗೆ. ಆ ಹತ್ತೊಂಬತ್ತು ದಿನಗಳಲ್ಲೇ ಒಂದು ದಿನ ಬಡ್ತಿ ಸಿಕ್ಕ ಸಂತೋಷಕ್ಕೆ ಗೆಳೆಯರಿಗೆ ಊಟ ಹಾಕಿಸಿದ್ದೆ.

ಅನಾರ್‌ಕಾನ್ ಎಜೆಯವರ ಸೇವಾ ಕಡತದಲ್ಲಿರುವ ‘ನಿರ್ಲಕ್ಷ್ಯ’ವೆಂಬ ಮಾತು ನನಗೆ ಸೇರಿದ್ದೆಂದು ನಿರ್ದೇಶಕರಿಗೆ ಲಿಖಿತವಾಗಿ ಸಲ್ಲಿಸಿದ್ದೇನೆ, ಅದಕ್ಕೆ ಬರುವ ಆದೇಶ ಯಾವುದಾದರೂ ನನಗೆ ಒಪ್ಪಿಗೆ. ಎಜೆಯವರು ಅರವತ್ತೆರಡನ್ನು ದಾಟಿ ನೂರರವರೆಗೆ ಕಣ್ಣು ಮಂಜಾಗದೆ, ಬೆಟ್ಟದಾಚೆಯ ಕೈಬರಹಗಳನ್ನು ಓದುತ್ತಾ, ಕುಶಲಕರ್ಮಿಗಳನ್ನು ಗದರುತ್ತಾ ನಮ್ಮ ನಡುವೆ ಇರಲಿ. ನಿವೃತ್ತಿಯ ಬಳಿಕವೂ ಮಂಗಳವಾರ ಮತ್ತು ಶುಕ್ರವಾರ ಬಂದು, ಪತ್ರ ಓದುವುದನ್ನು ಹೊಸಬರಿಗೆ ಕಲಿಸಿಕೊಡಲು ಅವರು ಒಪ್ಪಿದ್ದಾರೆ. ಆ ಹೊಸಬರ ಜೊತೆ ನಾನೂ ಕೂರಬಹುದೇ ಎಂದು ನಿನ್ನೆ ಕೇಳಿದೆ. ಅವರು ಕೈಯಲ್ಲಿದ್ದ ಪತ್ರವನ್ನು ಕೊನೆಯವರೆಗೆ ಓದಿ ಮುಗಿಸಿ, ಆಮೇಲೆ ಹೇಳಿದರು:

“ಎಂಟೂವರೆಗೆ ಬಾ. ಕುರ್ಚಿ ನೀನೇ ತಂದ್ಕೋ.”